ಓಟ್ಸ್ ಕಟ್ಟಿದ ಕಾಲುಚೀಲ

ಹಲ್ ಊರಿನ ನೀರು ಗಡಸು.
ಕೆಟಲಿನ ತಳಕ್ಕೆ ಸುಣ್ಣದ ಪೊರೆ ಕಟ್ಟುತ್ತದೆ,
ತಿಂಗಳಿಗೊಮ್ಮೆ ವಿನಿಗರ್ ಹೊಯ್ದು ಕುದಿಸಿದರೆ
ಮುರಿದ ಹಪ್ಪಳದ ಹಾಗೆ ಎದ್ದು ತೇಲುತ್ತದೆ.
ಶಾಂಭವಿ ಮೂಗಿಗೆ ಸೆರಗು ಹಿಡಿದು,
‘ಇದೇನು ಮನೆಯೋ, ಉಪ್ಪಿನಕಾಯಿ ಭರಣಿಯೋ?’

ಎಲ್ಲ ಶುರುವಾದದ್ದು ಬಿಲ್ವಾಳ ಮೊಣಕೈ ಮಡಿಕೆಯಿಂದ.
ಏಳು ತಿಂಗಳ ಕೂಸು. ಕೆಂಪು ಕೆಂಪು ತೇಪೆ.
ರಾತ್ರಿಯಿಡೀ ಕೆರೆತ.
ಕೈಗವಸು ಹಾಕಿದರೆ ಚೀಪಿ ಒದ್ದೆ ಮಾಡಿ
ಕೆನ್ನೆಯನ್ನೇ ದಿಂಬಿಗೆ ತಿಕ್ಕುತ್ತಿದ್ದಳು.
ಡಾಕ್ಟರು ಮುಲಾಮು ಬರೆದು
‘ವಾಸನೆಯ ಸಾಬೂನು ಬೇಡ’ ಎಂದರು.
ಆ ಸಂಜೆ ಸಿಂಕಿನ ಕೆಳಗಿನ ಬಾಟಲಿಗಳನ್ನು
ಸಾಲಾಗಿ ನಿಲ್ಲಿಸಿ ಹೆಸರು ಓದಿದೆ.
ಒಂದು ಲ್ಯಾವೆಂಡರ್ ತೋಟವಂತೆ,
ಇನ್ನೊಂದು ಸಮುದ್ರದ ಗಾಳಿಯಂತೆ.
ಸಮುದ್ರದ ಗಾಳಿ ಇಲ್ಲೇ, ಬಸ್ಸಿಳಿದರೆ ಬಿಟ್ಟಿ ಸಿಗುತ್ತದೆ,
ಡೀಸೆಲ್ ನಾತ, ಕೆಸರಿನ ನಾತ, ಮೀನಿನ ನಾತ.

ಹುಬ್ಬಳ್ಳಿಯಿಂದ ಅವ್ವ ಫೋನಿನಲ್ಲಿ:
‘ಅಂಟವಾಳಕಾಯಿ ತಾರೋ ತಮ್ಮಾ,
ಬೀಜ ತಗದು ನೆನಿಹಾಕು.
ಅದರ ನೊರಿಗೆ ಸೊಕ್ಕಿಲ್ಲ.’
ಬೀಜ ತೆಗೆಯುವ ಮಾತು ನನಗೆ ಕೇಳಿಸಲಿಲ್ಲ.
ಇಡಿಯ ಕಾಯಿಗಳನ್ನೇ ಮಷೀನಿಗೆ ಸುರಿದೆ.
ಗಡಗಡ, ಗಡಗಡ,
ಆಚೆ ಮನೆಯ ಡೋರೀನ್ ಗೋಡೆ ಬಡಿದಳು.

ಎಂಬತ್ತೊಂದು ಅವಳಿಗೆ.
ಅಪ್ಪ ಐಸ್‌ಲ್ಯಾಂಡಿನತ್ತ ಮೀನಿಗೆ ಹೋಗುತ್ತಿದ್ದವನು,
ಅವ್ವ ಹಿತ್ತಲಲ್ಲಿ ನಿಂತು ಬಲೆ ಹೆಣೆದವಳು,
ಸೀಳಿದ ಬೆರಳಿಗೆ ಕುರಿಯ ಕೊಬ್ಬು ಸವರಿಕೊಂಡು.
ಬಯ್ಯಲೆಂದೇ ಬಂದವಳು
ಕೂಸಿನ ಕೈ ನೋಡಿ
ಬೈಗುಳವನ್ನು ನುಂಗಿ ವಾಪಸು ಹೋದಳು.

ಹತ್ತೇ ನಿಮಿಷಕ್ಕೆ ಮತ್ತೆ ಬಾಗಿಲ ಸದ್ದು.
ಕೈಯಲ್ಲಿ ಅವಳದೇ ಹಳೆಯ ಕಾಲುಚೀಲ,
ಚಹಾ ಬಣ್ಣದ್ದು, ತೆಳ್ಳಗಿನದು, ಒಂದೇ ಕಾಲಿನದು.
ಹಿಮ್ಮಡಿಯಲ್ಲಿ ಒಂದು ಹಿಡಿ ಓಟ್ಸ್, ಮೇಲೆ ಗಂಟು.
‘ಸ್ನಾನದ ನೀರಿನಲ್ಲಿ ಹಿಂಡು, ಹಾಲಾಗುವ ತನಕ.
ಹಾಗೆ ಮುಖ ಮಾಡಬೇಡ, ಒಗೆದಿದ್ದೇನೆ.’

ಹಿಂಡಿದೆ.
ಗಡಸು ನೀರು ಗಂಜಿಯ ತಿಳಿಯಾಯಿತು,
ಬೆರಳ ಸಂದಿಯಲ್ಲಿ ನುಣ್ಣಗೆ ಜಾರಿತು.
ಬಿಲ್ವಾ ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು
ಊಟವೆಂದುಕೊಂಡು ಬಾಯಿಗಿಟ್ಟಳು.
ತಪ್ಪೇನೂ ಇಲ್ಲ.
ಮೈಗೆ ಹಚ್ಚುವುದನ್ನು ನಾಲಿಗೆಗೂ ಇಡಬಹುದಾದರೆ
ತಂದೆಗೆ ಅರ್ಧ ಭಯ ಕಡಿಮೆ.

ವಾಸಿಯಾಯಿತೇ ಎಂದು ಕೇಳಬೇಡಿ.
ಮುಲಾಮು ಈಗಲೂ ಹಚ್ಚುತ್ತೇವೆ.
ಕೊಬ್ಬರಿ ಎಣ್ಣೆಯಿಂದ ನಾನು ಮಾಡಿದ ಸಾಬೂನು
ಮೂರು ವಾರವಾದರೂ ಗಟ್ಟಿಯಾಗಲಿಲ್ಲ,
ಶಾಂಭವಿ ಅದನ್ನು ‘ನಿಮ್ಮ ಪಾಯಸ’ ಎನ್ನುತ್ತಾಳೆ.
ಆದರೆ ಒಂದು ಮಂಗಳವಾರ
ಕೂಸು ಬೆಳಗಿನ ನಾಲ್ಕರವರೆಗೆ ಮಲಗಿತು.
ನಾವಿಬ್ಬರೂ ಎಚ್ಚರವಾಗಿದ್ದು
ಆ ಸದ್ದಿಲ್ಲದ್ದನ್ನು ಕೇಳಿಸಿಕೊಂಡೆವು.

ಬಾಯ್ಲರ್ ಕಪಾಟಿನಲ್ಲಿ, ಮಡಿಸಿದ ಟವೆಲುಗಳ ನಡುವೆ
ಆ ರಾತ್ರಿಯ ಹಾಲು ಹೆಪ್ಪಾಗಿತ್ತು.
ಜೋಳದ ನುಚ್ಚು, ಮೊಸರು, ಚಿಟಿಕೆ ಉಪ್ಪು
ಸ್ಟೀಲ್ ಡಬ್ಬಿಯಲ್ಲಿ ಡೋರೀನಳಿಗೆ ಕೊಟ್ಟೆ.
ನಿಂತಲ್ಲೇ ಒಂದು ಚಮಚ ತಿಂದು, ತಡೆದು,
‘ಅವ್ವ ಬಿಸಿ ಹಾಲಿಗೆ ಬ್ರೆಡ್ ಹರಿದು ಹಾಕಿ ಕೊಡುತ್ತಿದ್ದಳು,
ಜ್ವರ ಬಂದಾಗ’ ಎಂದಳು.
ಅಷ್ಟೇ. ಬಾಗಿಲು ಮುಚ್ಚಿಕೊಂಡಳು.

ಬರಿಯ ಪಾತ್ರೆ ಮರಳಿಸಬಾರದೆಂದು
ಅವಳಿಗೆ ಯಾರು ಹೇಳಿಕೊಟ್ಟರೋ!
ಮರುದಿನ ಮೆಟ್ಟಿಲ ಮೇಲೆ ಡಬ್ಬಿ,
ತೆರೆದರೆ ಒಳಗೆ, ಮಡಿಸಿಟ್ಟದ್ದು,
ಇನ್ನೊಂದು ಕಾಲಿನದು.